ಸದನದಲ್ಲಿ ಇಲ್ಲವಾದ ಪೈಲ್ವಾನ

ಮಡೆಪ್ಪನ ಕುಸ್ತಿ ನೋಡಿದವರು ಭಾಲ್ಕಿಯಲ್ಲಿ ಈಗಲೂ ಅಲ್ಲೊಬ್ಬರು ಇಲ್ಲೊಬ್ಬರು ಸಿಗುತ್ತಾರೆ. ಅವನು ಎದುರಾಳಿಯನ್ನು ಎತ್ತಿ ಒಗೆಯುತ್ತಿರಲಿಲ್ಲ, ಅಂಥ ತೋರಿಕೆ ಅವನಿಗೆ ಸೇರುತ್ತಿರಲಿಲ್ಲ ಎಂದು ಅವರು ಹೇಳುತ್ತಾರೆ. ಕುತ್ತಿಗೆಯ ಹಿಂದೆ ಕೈ ಹಾಕಿ ಸುಮ್ಮನೆ ಒತ್ತುತ್ತಿದ್ದ. ಎದುರಿನವನ ಮೊಣಕಾಲು ತಾನಾಗಿ ಮಡಚಿಕೊಳ್ಳುವ ತನಕ ಒತ್ತುತ್ತಿದ್ದ. ಅವನ ಊರು ಖಟಕ ಚಿಂಚೋಳಿ. ತಂದೆ ಬೇಗ ತೀರಿಕೊಂಡಿದ್ದ. ತಾಯಿ ಗುಂಡಮ್ಮ ಎಮ್ಮೆ ಕಟ್ಟಿ, ಮನೆಯಲ್ಲಿ ಬೇರೆ ಯಾರಿಗೂ ಒಂದು ಗುಟುಕು ಕೊಡದೆ, ಹಾಲನ್ನೆಲ್ಲ ಮಗನ ಮೈಗೆ ಹಾಕಿ ಬೆಳೆಸಿದ್ದಳು.

ಮಡೆಪ್ಪನಿಗೆ ಸೋಲು ಅಷ್ಟಾಗಿ ತಾಗುತ್ತಿರಲಿಲ್ಲ. ಸೋತರೆ ಮೈಯ ಮಣ್ಣು ಜಾಡಿಸಿಕೊಂಡು ಎದ್ದು ಹೋಗುತ್ತಿದ್ದ. ಅವನಿಗೆ ತಡೆಯಲಾಗದ್ದು ನಗು. ಒಮ್ಮೆ ಉದಗೀರದಲ್ಲಿ ಕಣದ ಅಂಚಿಗೆ ಕಾಲು ಜಾರಿ ಕುಂತಾಗ ನೋಡುವವರಲ್ಲಿ ಒಬ್ಬ ನಕ್ಕ. ಮಡೆಪ್ಪ ಕುಸ್ತಿ ಮುಗಿಸಿ, ಗೆದ್ದು, ಗೆದ್ದವನಿಗೆ ಕೊಡುವ ಮರ್ಯಾದೆಯ ರುಮಾಲು ಸುತ್ತಿಸಿಕೊಂಡು, ಆಮೇಲೆ ಜನರ ನಡುವೆ ನುಗ್ಗಿ ಅವನನ್ನು ಹುಡುಕಿ ದವಡೆ ಮುರಿದ. ಊರಿನ ಹಿರಿಯರು ಹೋಗಿ ಕೈಮುಗಿದು ಬಿಡಿಸಿಕೊಂಡು ಬಂದರು. ಪೈಲ್ವಾನನಿಗೆ ಸಿಟ್ಟು ಇರಬೇಕಾದದ್ದೇ ಎಂದು ದಾರಿಯಲ್ಲಿ ಮಾತಾಡಿಕೊಂಡರು. ಅದೊಂದು ತಪ್ಪು ಎಂದು ಅವನಿಗೆ ಹೇಳಿದವರು ಯಾರೂ ಇರಲಿಲ್ಲ.

ಎಪ್ಪತ್ತೆರಡರಲ್ಲಿ ಮಳೆ ಬರಲಿಲ್ಲ. ಅದರ ಹಿಂದಿನ ವರ್ಷವೂ ಬಂದಿದ್ದು ಅಷ್ಟಕ್ಕಷ್ಟೆ. ಎಮ್ಮೆಗಳು ಸಂತೆಗೆ ಹೋದವು, ಸಂತೆಯಿಂದ ಎಲ್ಲಿಗೆ ಹೋದವೆಂದು ಗುಂಡಮ್ಮ ಕೇಳಲಿಲ್ಲ. ಕುಸ್ತಿ ಕಲಿಯುವ ತಾಲೀಮಿನ ಮನೆಯ ಕೆಮ್ಮಣ್ಣು ಇಟ್ಟಿಗೆಯಂತೆ ಬಿರಿಯಿತು. ಭಾಲ್ಕಿಯ ಸ್ಟೇಷನ್ನಿನಲ್ಲಿ ಗಂಟುಮೂಟೆ ಹೊತ್ತ ಜನ ಹೈದರಾಬಾದಿನ ಗಾಡಿಗೆ ಕಿಟಕಿಯಿಂದ ತೂರಿಕೊಂಡು ಹತ್ತತೊಡಗಿದರು. ಮಡೆಪ್ಪನ ಹೆಂಡತಿ ಸುಂದರಬಾಯಿಯೂ ತನ್ನ ಅಣ್ಣಂದಿರ ಜೊತೆ ಇಟ್ಟಿಗೆ ಹೊರಲು ಹೋದಳು. ಇವನನ್ನೂ ಕರೆದಳು. ರುಮಾಲು ಸುತ್ತಿಸಿಕೊಂಡ ತಲೆಯ ಮೇಲೆ ಸಿಮೆಂಟಿನ ಬುಟ್ಟಿ ಇಡುವುದಿಲ್ಲ ಎಂದು ಇವನು ಹೋಗಲಿಲ್ಲ. ಚಳಿಗಾಲ ಮುಗಿಯುವುದರೊಳಗೆ ತಾಯಿ ಮಲಗಿದಲ್ಲೇ ಸತ್ತಳು. ಮಡೆಪ್ಪನ ತೋಳಿನ ಚರ್ಮ ಸಡಿಲಾಗಿ ಜೋಲತೊಡಗಿತು.

ಆಗ ಅವನನ್ನು ಹುಡುಕಿಕೊಂಡು ಬಂದವನು ಭಾಲ್ಕಿಯ ಗುತ್ತಿಗೆದಾರ ಶಿವರಾಜಪ್ಪ. ಔರಾದ ತಾಲೂಕಿನ ಡಾಬಕಾದ ಹತ್ತಿರ ಸರ್ಕಾರ ಬರಗಾಲದ ಕಾಮಗಾರಿಯೆಂದು ಒಂದು ಕೆರೆ ತೋಡಿಸುತ್ತಿತ್ತು. ಸುತ್ತಲಿನ ಹಳ್ಳಿಗಳ ಜನವೆಲ್ಲ ಅಲ್ಲಿ ಮಣ್ಣು ಹೊರುತ್ತಿದ್ದರು. ಜನ ಬಹಳ, ಜಗಳ ಬಹಳ, ನೀನು ಏನೂ ಮಾಡಬೇಕಾಗಿಲ್ಲ, ಬಡಿಗೆ ಹಿಡಿದು ನಿಂತರೆ ಸಾಕು ಎಂದು ಶಿವರಾಜಪ್ಪ ಹೇಳಿದ. ಎರಡು ಹೊತ್ತು ಬಿಳಿಜೋಳದ ರೊಟ್ಟಿ, ಒಂದು ಹೊತ್ತು ಹಾಲು. ಮಣ್ಣು ಹೊರುವವರಿಗೆ ಪರದೇಶದಿಂದ ಹಡಗಿನಲ್ಲಿ ಬಂದ ಕೆಂಪು ಜೋಳ ಸಿಗುತ್ತಿತ್ತು. ಅದನ್ನು ಎಷ್ಟು ಬೇಯಿಸಿದರೂ ಹೊಟ್ಟೆಗೆ ಕಲ್ಲಿನಂತೆ ಬೀಳುತ್ತಿತ್ತು. ಮಡೆಪ್ಪ ಹಾಲಿನ ಮಾತು ಕೇಳಿದ ಕೂಡಲೇ ಎದ್ದು ಹೊರಟ.

ನಿಲ್ಲುವ ಕೆಲಸ ಹೊಡೆಯುವ ಕೆಲಸವಾಗಲು ಬಹಳ ದಿನ ಬೇಕಾಗಲಿಲ್ಲ. ತಡವಾಗಿ ಬಂದವನ ಬೆನ್ನಿಗೆ ಒಂದು, ಬುಟ್ಟಿ ಕೆಳಗಿಟ್ಟು ಕುಂತವಳ ಮೊಣಕಾಲಿಗೆ ಒಂದು. ಬುಟ್ಟಿ ಹೊತ್ತವರು ಅವನು ನಿಂತ ದಿಕ್ಕನ್ನು ಬಿಟ್ಟು ಸುತ್ತುಹಾಕಿ ಹೋಗತೊಡಗಿದರು. ಅವನ ಮೈ ಮತ್ತೆ ತುಂಬಿಕೊಂಡಿತು.

ಆ ಕೆಲಸದಲ್ಲಿ ಡಾಬಕಾದ ಕಾಶೀರಾಮ, ಅವನ ಹೆಂಡತಿ ಅಂಜನಾಬಾಯಿ, ಅವನ ತಮ್ಮ ಗೋರಖನಾಥ ಇದ್ದರು. ಕಾಶೀರಾಮ ಕೆಲವು ವರ್ಷ ಮುಂಬಯಿಯ ಗಿರಣಿಯಲ್ಲಿ ದುಡಿದು, ಎದೆಯ ರೋಗ ಹತ್ತಿಸಿಕೊಂಡು ಊರಿಗೆ ಮರಳಿದವನು. ಅವನ ಮನೆಯಲ್ಲಿ ಬುದ್ಧನ ಪಟ ಇತ್ತು. ಮೈಯಲ್ಲಿ ಮಾಂಸವಿರಲಿಲ್ಲ. ಆದರೆ ಎದುರಿನವರು ಯಾರೇ ಇರಲಿ, ಕಣ್ಣು ಕೆಳಗೆ ಮಾಡಿ ಮಾತಾಡುವ ರೂಢಿ ಅವನಿಗೆ ತಪ್ಪಿಹೋಗಿತ್ತು.

ಕೆರೆಯ ದಂಡೆಯ ಮೇಲೆ ಕುಡಿಯುವ ನೀರಿನ ಪೀಪಾಯಿ ಇತ್ತು. ಉಳಿದ ಜಾತಿಯವರು ಅದರಲ್ಲಿ ತಂಬಿಗೆ ಅದ್ದಿ ಕುಡಿಯುತ್ತಿದ್ದರು. ಕಾಶೀರಾಮನ ಕೇರಿಯವರು ಎಲ್ಲರೂ ಕುಡಿದು ಮುಗಿಯುವ ತನಕ ಕಾದು, ಯಾರಾದರೂ ಮೇಲಿನಿಂದ ಹೊಯ್ದರೆ ಬೊಗಸೆಯೊಡ್ಡಿ ಕುಡಿಯಬೇಕು. ಪೀಪಾಯಿಯ ತಳದಲ್ಲಿ ಉಳಿಯುತ್ತಿದ್ದದ್ದು ಕೆಸರು. ಬಸಿರಿಯಾಗಿದ್ದ ಅಂಜನಾಬಾಯಿಗೆ ಒಂದು ಮಧ್ಯಾಹ್ನ ಕಣ್ಣು ಕತ್ತಲೆ ಬಂತು. ಅವಳು ಯಾರನ್ನೂ ಕೇಳದೆ ಹೋಗಿ ತನ್ನ ಮಡಕೆಯನ್ನು ಪೀಪಾಯಿಯಲ್ಲಿ ಮುಳುಗಿಸಿದಳು.

ಮಡೆಪ್ಪ ಬಡಿಗೆಯಿಂದ ಮಡಕೆ ಒಡೆದ. ಎರಡನೆಯ ಏಟು ಅವಳ ಭುಜಕ್ಕೆ ಬಿತ್ತು. ಅವಳು ಕುಸಿದಳು.

ಕಾಶೀರಾಮ ಕೆರೆಯ ಒಳಗಿನಿಂದ ಓಡಿ ಬಂದು, ತಲೆ ತಗ್ಗಿಸಿ ಹೋರಿಯಂತೆ ಮಡೆಪ್ಪನ ಹೊಟ್ಟೆಗೆ ಗುದ್ದಿದ. ಅಂಚಿನ ಸಡಿಲು ಮಣ್ಣು ಕಾಲಡಿಯಲ್ಲಿ ಕುಸಿಯಿತು. ಮಡೆಪ್ಪ ಅಂಗಾತ ಬಿದ್ದು, ದಂಡೆಯಿಂದ ಜಾರುತ್ತ ಕೆಳಗಿನ ಕೆಸರಿಗೆ ಹೋಗಿ ಕುಂತ. ಬುಟ್ಟಿ ಹೊತ್ತ ಜನವೆಲ್ಲ ನಿಂತರು. ಹೊಟ್ಟೆಗಿಲ್ಲದ, ಕೆಮ್ಮುವ ಮನುಷ್ಯನೊಬ್ಬ ಚಿಂಚೋಳಿಯ ಪೈಲ್ವಾನನನ್ನು ಕೆಡವಿದ್ದ. ಎಲ್ಲಿಂದಲೋ ಒಂದು ಹೆಣ್ಣುದನಿ ನಕ್ಕಿತು. ಆಮೇಲೆ ಇಡೀ ಕೆರೆ ನಕ್ಕಿತು. ಎಷ್ಟೋ ತಿಂಗಳಿನಿಂದ ನಗದಿದ್ದ ಜನ ಅವರು.

ಮಡೆಪ್ಪ ಎದ್ದ. ಬಡಿಗೆ ಕೈಯಿಂದ ಹಾರಿತ್ತು. ಕಲ್ಲು ಮೀಟುವ ಹಾರೆಯೊಂದು ಬಿದ್ದಿತ್ತು, ಅದನ್ನು ತೆಗೆದುಕೊಂಡ. ಕಾಶೀರಾಮ ಹೆಂಡತಿಯನ್ನು ಎಬ್ಬಿಸಲು ಬಗ್ಗಿದ್ದ. ಮೊದಲ ಪೆಟ್ಟು ಬೆನ್ನಿಗೆ ಬಿತ್ತು. ಎರಡನೆಯದಕ್ಕೆ ಕಾಶೀರಾಮ ತಿರುಗಿ ಕೈ ಅಡ್ಡ ಹಿಡಿದ, ಕೈ ಮುರಿಯಿತು. ಮೂರನೆಯದು ತಲೆಗೆ. ಆಮೇಲಿನ ಪೆಟ್ಟುಗಳಿಗೆ ಅರ್ಥವಿರಲಿಲ್ಲ, ಆದರೂ ಅವನು ನಿಲ್ಲಿಸಲಿಲ್ಲ. ಅಂಜನಾಬಾಯಿ ಅವನ ಕಾಲು ಕಚ್ಚಿ ಹಿಡಿದಿದ್ದಳು. ಅದು ಅವನಿಗೆ ಗೊತ್ತಾದದ್ದು ಸಂಜೆ, ಕಣಕಾಲಿನ ರಕ್ತ ನೋಡಿದಾಗ. ಕೆರೆಯಲ್ಲಿ ನಗು ಯಾವಾಗ ನಿಂತಿತೆಂದೂ ಅವನಿಗೆ ಗೊತ್ತಾಗಲಿಲ್ಲ.

ಶಿವರಾಜಪ್ಪ ಹೊತ್ತು ಮುಳುಗುವುದರೊಳಗೆ ಬಂದ. ಅವನು ಮಡೆಪ್ಪನನ್ನು ಬೈಯಲಿಲ್ಲ. ಸತ್ತವನು ಬಿಸಿಲು ಬಡಿದು ಬಿದ್ದ, ಬೀಳುವಾಗ ತಲೆ ಕಲ್ಲಿಗೆ ತಾಗಿತು ಎಂದು ಕಾಗದವಾಯಿತು. ಹೆಣವನ್ನು ಆ ಕೂಡಲೇ ಸುಡಿಸಿದರು. ಆ ಕಾಗದಕ್ಕೆ ಮನೆಯವರ ಹೆಬ್ಬೆಟ್ಟು ಬೇಕಿತ್ತು. ಅಂಜನಾಬಾಯಿ ಒತ್ತಲಿಲ್ಲ. ಮರುದಿನ ಅವಳ ಗುಡಿಸಲು ಉರಿಯಿತು. ಗೋರಖನಾಥನನ್ನು ಹೊಲದ ಬದುವಿನಲ್ಲಿ ಹಿಡಿದು ಪಕ್ಕೆಲುಬು ಮುರಿದು, ಅವನ ಹೆಬ್ಬೆರಳನ್ನು ಮಸಿಗೆ ಅದ್ದಿ ಒತ್ತಿಸಿದರು. ಎರಡನ್ನೂ ಮಾಡಿದವನು ಮಡೆಪ್ಪನೇ. ಶಿವರಾಜಪ್ಪ ಮಾಡು ಎಂದಿದ್ದ, ಮಾಡಿದ. ಸುಟ್ಟ ಗುಡಿಸಲಿನ ಬಳಿ ಅಂಜನಾಬಾಯಿಗೆ ಬಸಿರು ಇಳಿದುಹೋಯಿತು.

ಆದರೆ ಪಕ್ಕೆಲುಬು ಮುರಿದವನೂ ನಡೆಯಬಲ್ಲ ಎಂಬುದನ್ನು ಅವರು ಲೆಕ್ಕಕ್ಕೆ ಹಿಡಿದಿರಲಿಲ್ಲ. ಗೋರಖನಾಥ ಎದೆಗೆ ಪಂಚೆ ಬಿಗಿದು ಕಮಲನಗರದ ಸ್ಟೇಷನ್ನಿಗೆ ನಡೆದು, ಬೀದರಿಗೆ ಗಾಡಿ ಹತ್ತಿದ. ಬೀದರಿನ ಕೋಟೆಯ ಈಚೆಯ ಗಲ್ಲಿಯಲ್ಲಿ ವಕೀಲ ನಜಮೋದ್ದೀನನ ಮನೆ. ಅವನು ವಿರೋಧ ಪಕ್ಷದ ಶಾಸಕ, ವಯಸ್ಸಾದವನು, ಕಿವಿ ಸ್ವಲ್ಪ ಮಂದ. ಗೋರಖನಾಥ ಹೇಳಿದ್ದನ್ನು ಅವನು ಎರಡೆರಡು ಸಲ ಹೇಳಿಸಿ ಕೇಳಿಸಿಕೊಂಡ. ಪೊಲೀಸರ ಹತ್ತಿರ ಹೋದರೆ ಇದು ಇಲ್ಲೇ ಹೂತುಹೋಗುತ್ತದೆ, ಸದನದಲ್ಲಿ ಕೇಳುತ್ತೇನೆ, ಅಲ್ಲಿ ಮಂತ್ರಿ ಎದ್ದು ನಿಂತು ಬಾಯಿಬಿಟ್ಟು ಹೇಳಲೇಬೇಕು ಎಂದ. ಗೋರಖನಾಥನನ್ನು ತನ್ನ ಮನೆಯಲ್ಲೇ ಇರಿಸಿಕೊಂಡ.

ಬೆಂಗಳೂರಿನಲ್ಲಿ ಬಜೆಟ್ಟಿನ ಅಧಿವೇಶನ ನಡೆದಿತ್ತು. ನಜಮೋದ್ದೀನನ ಪ್ರಶ್ನೆ ಸದನಕ್ಕೆ ಹೋದ ಸುದ್ದಿ ತಂತಿಯ ಮೇಲೆ ಬೀದರಿಗೂ, ಬೀದರಿನಿಂದ ಔರಾದಿಗೂ, ಔರಾದಿನಿಂದ ಜೀಪಿನಲ್ಲಿ ಡಾಬಕಾಕ್ಕೂ ಬಂತು. ಎಂದೂ ಬರದಿದ್ದ ಸಾಹೇಬರು ಬಂದರು. ಪೀಪಾಯಿಗಳು ನಾಲ್ಕಾದವು, ಅವುಗಳ ಮೇಲೆ ತೆಂಗಿನ ನಾರಿನ ತಟ್ಟಿಯ ನೆರಳು ಬಂತು. ಮಣ್ಣು ಹೊರುವವರನ್ನು ಸಾಲಾಗಿ ನಿಲ್ಲಿಸಿ ಏನು ನೋಡಿದಿರಿ ಎಂದು ಕೇಳಿದರು. ಸಾಹೇಬರ ಹಿಂದೆಯೇ ಶಿವರಾಜಪ್ಪ ನಿಂತಿದ್ದ, ಯಾರೂ ಏನೂ ನೋಡಿರಲಿಲ್ಲ. ಶೇವಂತಾಬಾಯಿ ಎಂಬ ಮುದುಕಿಯೊಬ್ಬಳು ಮಾತ್ರ, ನಾ ನೋಡೇನ್ರಿ ಅಂದಳು. ಜೀಪು ಹೋದ ಮೇಲೆ ಅವಳ ಮುಂದಿನ ಹಲ್ಲುಗಳು ಹೋದವು. ಆ ಹೊತ್ತಿಗೆ ಮಡೆಪ್ಪನನ್ನು ಕಮಲನಗರದ ಹತ್ತಿಯ ಗೋದಾಮೊಂದರಲ್ಲಿ ಅಡಗಿಸಿದ್ದರು. ಹಲ್ಲು ಉದುರಿಸಿದ್ದು ಶಿವರಾಜಪ್ಪನ ಬೇರೆ ಆಳು.

ಗೋದಾಮಿನಲ್ಲಿ ಮಡೆಪ್ಪನಿಗೆ ರೊಟ್ಟಿ, ಹಾಲು ತಪ್ಪದೆ ಬರುತ್ತಿದ್ದವು. ಎದುರಿಗೆ ಸ್ಟೇಷನ್ನಿನ ಚಹಾ ಅಂಗಡಿ. ಅದರ ಮಾಲೀಕ ಮಹಮ್ಮದ ಇಸ್ಮಾಯಿಲ ಬೆಳಗಿನ ಗಾಡಿಗೆ ಬರುವ ಪೇಪರನ್ನು ಗಿರಾಕಿಗಳಿಗೆ ಗಟ್ಟಿಯಾಗಿ ಓದಿ ಹೇಳುತ್ತಿದ್ದ. ಮಡೆಪ್ಪ ಮುಖಕ್ಕೆ ಟವೆಲ್ಲು ಸುತ್ತಿಕೊಂಡು ಅಲ್ಲಿ ಚಹಾ ಕುಡಿಯುತ್ತ ಕುಂತಿದ್ದಾಗಲೇ ಇಸ್ಮಾಯಿಲ ಸದನದ ಸುದ್ದಿ ಓದಿದ.

ನಜಮೋದ್ದೀನ ಕೇಳಿದ್ದ: ಡಾಬಕಾ ಕೆರೆಯ ಕಾಮಗಾರಿಯಲ್ಲಿ ಕಾರ್ಮಿಕನೊಬ್ಬನನ್ನು ಹೊಡೆದು ಕೊಂದದ್ದು ಸರ್ಕಾರದ ಗಮನಕ್ಕೆ ಬಂದಿದೆಯೇ? ಮಂತ್ರಿಯ ಉತ್ತರ: ಇಲ್ಲ, ಬಿಸಿಲಿನ ತಾಪದಿಂದ ಒಬ್ಬರು ಮೃತರಾಗಿದ್ದಾರೆ. ಕೊಂದವರ ಮೇಲೆ ಯಾವ ಕ್ರಮ ಕೈಗೊಳ್ಳಲಾಗಿದೆ? ಪ್ರಶ್ನೆ ಉದ್ಭವಿಸುವುದಿಲ್ಲ. ಕಾಮಗಾರಿಗೆ ಕೊಟ್ಟ ಹಣದಲ್ಲಿ ಕುಡಿಯುವ ನೀರಿಗೆ ಖರ್ಚಾದದ್ದೆಷ್ಟು? ಅಗತ್ಯವಿದ್ದಷ್ಟು ಖರ್ಚು ಮಾಡಲಾಗಿದೆ.

ಮುದುಕ ವಕೀಲ ಕೂಡಲಿಲ್ಲ. ಉಪಪ್ರಶ್ನೆಗೆ ಎದ್ದು, ಕೊಂದವನ ಹೆಸರು ಮಡೆಪ್ಪ, ಖಟಕ ಚಿಂಚೋಳಿಯ ಪೈಲ್ವಾನ, ಗುತ್ತಿಗೆದಾರ ಅವನನ್ನು ಜನರನ್ನು ಹೊಡೆಯಲಿಕ್ಕೆಂದೇ ಇಟ್ಟಿದ್ದ, ಅವನ ಊಟದ ಖರ್ಚು ಸರ್ಕಾರದ ಯಾವ ಬಾಬತ್ತಿನಿಂದ ಹೋಯಿತು ಎಂದು ಕೇಳಿದ. ಮಂತ್ರಿ ನಗುತ್ತಲೇ ಉತ್ತರ ಕೊಟ್ಟರಂತೆ. ಅಂಥ ಹೆಸರಿನ ಮನುಷ್ಯ ಆ ಕಾಮಗಾರಿಯಲ್ಲಿ ಇರಲೇ ಇಲ್ಲ. ಬರಗಾಲದಲ್ಲಿ ಪೈಲ್ವಾನರು ಮಾನ್ಯ ಸದಸ್ಯರ ಕನಸಿನಲ್ಲಿ ಮಾತ್ರ ಸಿಗುತ್ತಾರೆ.

ಸದನವೆಲ್ಲ ನಕ್ಕಿತು ಎಂದು ಪೇಪರಿನಲ್ಲಿತ್ತು. ಇಸ್ಮಾಯಿಲ ಅದನ್ನು ಓದಿ ತಾನೂ ನಕ್ಕ. ಬೆಂಚಿನ ಮೇಲೆ ಕುಂತವರೂ ನಕ್ಕರು. ಮಡೆಪ್ಪ ಎದ್ದು ಕುದಿಯುವ ಚಹಾದ ಪಾತ್ರೆಯನ್ನು ಒದ್ದು ಗೋದಾಮಿಗೆ ಹೋದ. ಇಸ್ಮಾಯಿಲನ ಕಾಲು ಸುಟ್ಟು ಬೊಬ್ಬೆ ಎದ್ದವು.

ಇತ್ತ ಶಿವರಾಜಪ್ಪನಿಗೆ ಹೊಸ ಚಿಂತೆ ಹತ್ತಿತ್ತು. ಮಂತ್ರಿಯ ಬಾಯಿಂದಲೇ ಇಲ್ಲ ಎಂದು ಬಂದ ಮೇಲೆ ಮಡೆಪ್ಪ ಎಲ್ಲಾದರೂ ಕಣ್ಣಿಗೆ ಬಿದ್ದರೆ ಮಂತ್ರಿಯ ಮಾತು ಸುಳ್ಳಾಗುತ್ತದೆ. ಎರಡು ದಿನ ಬಿಟ್ಟು ಗೋದಾಮಿಗೆ ಲಾರಿ ಬಂತು. ಬೀದರಿಗೆ ಬಿಡುತ್ತೇವೆ, ಅಲ್ಲಿಂದ ಹೈದರಾಬಾದಿಗೆ ಹೋಗಿ ಹೆಂಡತಿಯ ಜೊತೆ ಇರು ಎಂದು ಹೇಳಿ ಹತ್ತಿಸಿಕೊಂಡರು. ಲಾರಿಯಲ್ಲಿ ಡ್ರೈವರನಲ್ಲದೆ ಲಾತೂರು ಕಡೆಯ ಇಬ್ಬರಿದ್ದರು. ಮಾಂಜ್ರಾ ನದಿಯ ಹತ್ತಿರ ಲಾರಿ ರಸ್ತೆ ಬಿಟ್ಟು ಉಸುಕಿನೊಳಗೆ ಇಳಿಯಿತು. ನದಿಯಲ್ಲಿ ಒಂದು ಹನಿ ನೀರಿರಲಿಲ್ಲ. ಉಸುಕು ತುಂಬಿಕೊಂಡು ಹೋಗೋಣ, ಇಳಿ ಎಂದರು. ಇಳಿದವನ ಕೈಗೆ ಸಲಿಕೆ ಕೊಡಲಿಲ್ಲ. ಅಷ್ಟರಲ್ಲಿ ಮಡೆಪ್ಪನಿಗೆ ತಿಳಿಯಿತು.

ಮೊದಲ ಪೆಟ್ಟಿಗೆ ಅವನ ಬಲಗೈಯ ಮಣಿಕಟ್ಟು ಪುಡಿಯಾಯಿತು. ಕಬ್ಬಿಣದ ಜಾಕಿನ ರಾಡು ಅದು. ಎರಡನೆಯದು ಕಿವಿಯನ್ನು ಸವರಿ ಹೆಗಲಿಗೆ ಬಿತ್ತು. ಅವನು ಉಸುಕಿನಲ್ಲಿ ಉರುಳಿ, ರಾಡು ಹಿಡಿದವನ ಕಾಲು ಎಳೆದು ಕೆಡವಿ, ಎಡಗೈಯನ್ನು ಅವನ ಕುತ್ತಿಗೆಯ ಹಿಂದೆ ಹಾಕಿ ಮುಖವನ್ನು ಉಸುಕಿಗೆ ಒತ್ತಿದ. ಇನ್ನೊಬ್ಬ ಬೆನ್ನಿಗೆ ಚಾಕು ಹಾಕುತ್ತಿದ್ದ, ಚಾಕು ಎಲುಬಿಗೆ ತಾಗಿ ಜಾರುತ್ತಿತ್ತು. ಮಡೆಪ್ಪ ಕೈ ಬಿಡಲಿಲ್ಲ. ಕೆಳಗಿನವನ ಕಾಲು ಒದ್ದಾಡುವುದು ನಿಂತಾಗ ಚಾಕಿನವನು ಹೆದರಿ ಲಾರಿಯ ಕಡೆ ಓಡಿದ. ಲಾರಿ ಹೋಯಿತು. ಬಿದ್ದವನಿಗೆ ಜೀವವಿತ್ತು. ಮಡೆಪ್ಪ ಅವನನ್ನು ಮಗ್ಗುಲಾಗಿ ಹೊರಳಿಸಿ, ಬಾಯೊಳಗಿನ ಉಸುಕನ್ನು ಬೆರಳಿನಿಂದ ತೆಗೆದು, ಎದೆಯ ಮೇಲೆ ಮೊಣಕಾಲೂರಿ, ಯಾರು ಕಳಿಸಿದರು ಎಂದು ಕೇಳಿದ. ಗೊತ್ತಿದ್ದರೂ ಕೇಳಿದ. ಆ ಹೆಸರು ಹೊರಬಿದ್ದ ಮೇಲೆ ರಾಡಿನಿಂದ ಅವನ ಎರಡೂ ಮೊಣಕಾಲು ಒಡೆದು, ಎದ್ದು, ಬೀದರಿನ ಕಡೆ ನಡೆದ.

ನಜಮೋದ್ದೀನ ಶುಕ್ರವಾರದ ನಮಾಜು ಮುಗಿಸಿ ಮನೆಯ ಕಟ್ಟೆಯ ಮೇಲೆ ಕಕ್ಷಿದಾರರನ್ನು ಮಾತಾಡಿಸುತ್ತಿದ್ದ. ಸದನದ ರಜೆಗೆ ಊರಿಗೆ ಬಂದಿದ್ದ. ಗೋರಖನಾಥ ಅಂಗಳದಲ್ಲಿ ಕಟ್ಟಿಗೆ ಸೀಳುತ್ತಿದ್ದ. ರಕ್ತ ಒಣಗಿ ಅಂಗಿ ಬೆನ್ನಿಗೆ ಅಂಟಿದ ಮನುಷ್ಯನೊಬ್ಬ ಬಾಗಿಲಲ್ಲಿ ನಿಂತದ್ದನ್ನು ಮೊದಲು ನೋಡಿದವನು ಗೋರಖನಾಥ. ಅವನು ಕೊಡಲಿ ಎತ್ತಿಕೊಂಡೇ ಬಂದ. ಮಡೆಪ್ಪ ಸರಿಯಲಿಲ್ಲ. ಕೊಡಲಿ ತಲೆಗೆ ಬೀಳಬೇಕಾದದ್ದು, ಕಕ್ಷಿದಾರರು ಹಿಡಿದೆಳೆದಾಗ ಬಾಗಿಲ ಚೌಕಟ್ಟಿಗೆ ನೆಟ್ಟಿತು. ಗೋರಖನಾಥ ಕೈಯಿಂದಲೇ ಹೊಡೆದ, ಮುಖಕ್ಕೆ ಹೊಡೆದ, ತನ್ನ ಪಕ್ಕೆಲುಬು ನೋಯುವ ತನಕ ಹೊಡೆದು ಅಳುತ್ತ ಕುಂತ. ಮಡೆಪ್ಪ ಬಾಯಿಯ ರಕ್ತ ಉಗುಳಿ ವಕೀಲನ ಕಡೆ ನೋಡಿದ.

“ನಾ ಮಡೆಪ್ಪ ಇದ್ದೇನ್ರಿ,” ಎಂದ. “ಚಿಂಚೋಳಿ ಪೈಲ್ವಾನ. ನಾ ಇದ್ದೇನಿ ಅಂತ ಆ ಮಂತ್ರಿಗ ಹೇಳ್ರಿ.”

ನಜಮೋದ್ದೀನನಿಗೆ ಕೇಳಿಸಿತ್ತು. ಆದರೂ ಕಿವಿಗೆ ಕೈ ಹಿಡಿದು ಇನ್ನೊಮ್ಮೆ ಹೇಳಿಸಿದ. ಆಮೇಲೆ, ನೀನು ನನ್ನ ಕಕ್ಷಿದಾರನಲ್ಲ, ಆದರೂ ವಕೀಲನಾಗಿ ಒಂದು ಮಾತು ಹೇಳಬೇಕಾಗಿದೆ ಎಂದ.

“ನೀ ಬಂದು ಖರೇ ಹೇಳಿದ್ರ ಅವರ ಸುಳ್ಳು ಬೀಳ್ತದ. ಅದರ ಜೋಡಿ ನಿನ್ನ ಕುತ್ತಿಗಿಗೆ ಹಗ್ಗ ಬಿದ್ದು ಫಾಸಿನೂ ಆಗಬಹುದು. ತಿಳೀತೇನು?”

“ಇಲ್ಲದವಗ ಫಾಸಿ ಹ್ಯಾಂಗ ಹಾಕ್ತಾರ್ರಿ?” ಎಂದ ಮಡೆಪ್ಪ. “ಮೊದಲು ಇದ್ದಾನ ಅನ್ಲಿ. ಆಮ್ಯಾಲ ಹಾಕ್ಲಿ.”

ಕಾಶೀರಾಮನ ಹೆಸರು ಅವನು ಎತ್ತಲಿಲ್ಲ. ಅದನ್ನು ಗೋರಖನಾಥ ಗಮನಿಸಿದ. ಅವನು ಪಶ್ಚಾತ್ತಾಪಕ್ಕೆ ಬಂದಿರಲಿಲ್ಲ, ನಗುವಿಗೆ ಉತ್ತರ ಕೊಡಲು ಬಂದಿದ್ದ ಎಂದು ಗೋರಖನಾಥ ಮುಂದೆ ಎಷ್ಟೋ ಜನರ ಮುಂದೆ ಹೇಳಿದ್ದಾನೆ. ನಜಮೋದ್ದೀನ ಡಾಕ್ಟರನ್ನು ಕರೆಸಿದ. ಅದೇ ಮಧ್ಯಾಹ್ನ ಪೊಲೀಸರನ್ನೂ ಕರೆಸಿದ. ಮಡೆಪ್ಪನನ್ನು ಅವರಿಗೆ ಒಪ್ಪಿಸುವ ಮೊದಲು ಮ್ಯಾಜಿಸ್ಟ್ರೇಟರ ಎದುರು ಹೇಳಿಕೆ ಬರೆಸಿದ, ಬೀದರಿನ ಪತ್ರಿಕೆಯವನಿಂದ ಒಂದು ಫೋಟೋ ತೆಗೆಸಿದ.

ಮುಂದಿನ ವಾರ ಸದನದಲ್ಲಿ ಆ ಫೋಟೋ ಸಭಾಧ್ಯಕ್ಷರ ಮೇಜಿನ ಮೇಲೆ ಬಂತು. ನಜಮೋದ್ದೀನ ಬಹಳ ಮಾತಾಡಲಿಲ್ಲ. ಕಳೆದ ಸಲ ತನ್ನ ಕನಸಿನಲ್ಲಿದ್ದವನು ಈಗ ಬೀದರಿನ ಜೈಲಿನಲ್ಲಿದ್ದಾನೆ, ಸದನಕ್ಕೆ ತಪ್ಪು ಮಾಹಿತಿ ಕೊಟ್ಟವರಾರು ಎಂದಷ್ಟೇ ಕೇಳಿದ. ಗದ್ದಲವಾಯಿತು. ಕುರ್ಚಿ ಬಿದ್ದವು, ಯಾರೋ ಮೈಕು ಕಿತ್ತರು, ಆಳುವ ಪಕ್ಷದ ಒಬ್ಬ ಸದಸ್ಯ ನಜಮೋದ್ದೀನನ ಟೋಪಿ ಹಾರಿಸಿದ. ಸಭೆಯನ್ನು ಮುಂದೂಡಿ ಮತ್ತೆ ಕೂಡಿಸಿದಾಗ ಮಂತ್ರಿ, ಅಧಿಕಾರಿಗಳು ಕೊಟ್ಟ ಮಾಹಿತಿಯನ್ನೇ ತಾವು ಓದಿದ್ದು ಎಂದರು. ಬರಗಾಲದ ಹಣ ಎಲ್ಲೆಲ್ಲಿ ಹೋಯಿತೆಂದು ಉಳಿದವರೂ ಒಬ್ಬೊಬ್ಬರಾಗಿ ಎದ್ದು ಕೇಳತೊಡಗಿದ ಮೇಲೆ, ನಜಮೋದ್ದೀನನೂ ಸೇರಿ ಎರಡೂ ಕಡೆಯ ಶಾಸಕರ ಸಮಿತಿಯೊಂದನ್ನು ಬೀದರಿಗೆ ಕಳಿಸುವುದೆಂದಾಯಿತು.

ಸಮಿತಿ ಬೀದರಿನ ಸರ್ಕಾರಿ ಬಂಗಲೆಯಲ್ಲಿ ಕುಂತಿತು. ಬಿಸಿಲಿಗೆ ಕಿಟಕಿಗಳಿಗೆ ಲಾವಂಚದ ಬೇರಿನ ತಟ್ಟಿ ಕಟ್ಟಿ ನೀರು ಹೊಡೆಯುತ್ತಿದ್ದರು. ಅಧಿಕಾರಿಗಳನ್ನು ಮೊದಲು ಕರೆದರು. ಹೆಣವನ್ನು ಡಾಕ್ಟರಿಗೆ ತೋರಿಸದೆ ಸುಡಲು ಯಾರು ಹೇಳಿದರು? ಒಬ್ಬರು ಇನ್ನೊಬ್ಬರನ್ನು ತೋರಿಸಿದರು. ನೀರಿಗೆ ಒಂದೇ ಪೀಪಾಯಿ ಇದ್ದದ್ದು ಯಾಕೆ? ಅದು ಗುತ್ತಿಗೆದಾರರ ಜವಾಬ್ದಾರಿ. ಗುತ್ತಿಗೆದಾರ ಎಲ್ಲಿ? ಅವರಿಗೆ ಎದೆನೋವು, ಸೊಲ್ಲಾಪುರದ ಆಸ್ಪತ್ರೆಯಲ್ಲಿದ್ದಾರೆ.

ಆಮೇಲೆ ಮಡೆಪ್ಪನನ್ನು ಬೇಡಿ ಹಾಕಿ ತಂದು ನಿಲ್ಲಿಸಿದರು. ಬಲಗೈಗೆ ಪಟ್ಟಿ ಕಟ್ಟಿತ್ತು. ಯಾರ ಆಳು ನೀನು, ಯಾರು ಹೊಡೆಯಲು ಹೇಳಿದರು, ಯಾತರಿಂದ ಹೊಡೆದೆ, ಎಷ್ಟು ಸಲ ಎಂದು ಸದಸ್ಯರು ಸರದಿಯಂತೆ ಕೇಳಿದರು. ಅವನು ಎಲ್ಲದಕ್ಕೂ ಉತ್ತರ ಕೊಟ್ಟ. ಎಷ್ಟು ಸಲ ಎಂಬುದಕ್ಕೆ ಮಾತ್ರ ಗೊತ್ತಿಲ್ಲ ಎಂದ. ಒಬ್ಬರಿಗೆ ನಂಬಿಕೆ ಬರಲಿಲ್ಲ, ಹಾರೆಯಿಂದ ತಲೆಗೆ ಹೊಡೆದರೆ ಒಂದೇ ಏಟಿಗೆ ಸಾಯುವುದಿಲ್ಲವೇ ಎಂದರು. ಮಡೆಪ್ಪ ಬೇಡಿ ಹಾಕಿದ ಎರಡೂ ಕೈ ಎತ್ತಿ, ಕಾಶೀರಾಮ ಹೇಗೆ ಬಗ್ಗಿದ್ದ, ಹೇಗೆ ತಿರುಗಿದ, ತಾನು ಎಲ್ಲಿ ನಿಂತಿದ್ದೆ ಎಂದು ಕಣದಲ್ಲಿ ಪಟ್ಟು ತೋರಿಸುವವನಂತೆ ತೋರಿಸಿದ. ತೋರಿಸುತ್ತ ತೋರಿಸುತ್ತ ಅವನ ಕೈ ನಡುವೆಯೇ ನಿಂತಿತು. ಬಾಗಿಲ ಬಳಿ ಅಂಜನಾಬಾಯಿ ಕುಂತಿದ್ದಳು. ಅವಳ ಹೇಳಿಕೆ ಮುಂಚೆಯೇ ಮುಗಿದಿತ್ತು. ಅವನು ಅವಳನ್ನು ನೋಡಿದ್ದು ಆಗಲೇ. ಎತ್ತಿದ ಕೈ ಮೆಲ್ಲಗೆ ಇಳಿಯಿತು.

ಸಮಿತಿಯ ಅಧ್ಯಕ್ಷರು ಅಂಜನಾಬಾಯಿಗೆ ಕೊಂದವನು ಇವನೇ ಏನು ಎಂದು ಕೇಳಿದರು.

“ಇವನೇರಿ,” ಎಂದಳು ಅವಳು, ಕುಂತಲ್ಲಿಂದ ಏಳದೆ. “ಇವನ ಕೈಯಾಗ ಬಡಿಗಿ ಕೊಟ್ಟವಗ ಯಾಕ ಕರ್ಸಿಲ್ಲ? ಅವನ ಎದಿ ಆರಾಮ ಆಗೂ ತನಕ ನಾ ಇಲ್ಲೇ ಕೂಡ್ತೇನಿ.”

ಅವಳು ಕುಂತಳು ಕೂಡ. ಸಮಿತಿ ಬೀದರಿನಲ್ಲಿದ್ದ ದಿನಗಳೆಲ್ಲ ಆ ಬಂಗಲೆಯ ಬಾಗಿಲಲ್ಲಿ ಡಾಬಕಾದ ಹೆಂಗಸರನ್ನು ಕೂಡಿಸಿಕೊಂಡು ಕುಂತಳು. ಹಲ್ಲು ಹೋದ ಶೇವಂತಾಬಾಯಿಯೂ ಬಂದಿದ್ದಳು. ಪೊಲೀಸರು ಎಬ್ಬಿಸಲು ಹೋದಾಗ ಒಬ್ಬ ಕಾನ್ಸ್‌ಟೇಬಲನ ಲಾಠಿ ಕಿತ್ತುಕೊಂಡು ಅಂಜನಾಬಾಯಿ ಅವನ ಮೊಣಕೈಗೇ ಬಾರಿಸಿದಳು. ಲಾಠಿಚಾರ್ಜು ಆಗುವುದರಲ್ಲಿತ್ತು. ನಜಮೋದ್ದೀನ ಹೊರಬಂದು ನಡುವೆ ನಿಂತ, ಅವನ ಹೆಗಲಿಗೂ ಒಂದು ಏಟು ಬಿತ್ತು. ಶಾಸಕನಿಗೆ ಏಟು ಬಿದ್ದದ್ದಕ್ಕೆ ಸಮಿತಿಯ ಉಳಿದವರಿಗೂ ಸಿಟ್ಟು ಬಂದು, ಶಿವರಾಜಪ್ಪನನ್ನು ಆಸ್ಪತ್ರೆಯಿಂದ ಎಬ್ಬಿಸಿ ತರಿಸಿದರು. ಅವನು ಬಂದ. ಮಡೆಪ್ಪ ಯಾರೆಂದು ತನಗೆ ಗೊತ್ತಿಲ್ಲವೆಂದ. ಗೋದಾಮಿನ ಮಾಲೀಕ, ಚಹಾ ಅಂಗಡಿಯ ಇಸ್ಮಾಯಿಲ, ಮೊಣಕಾಲು ಹೋದ ಲಾತೂರಿನವನು ಒಬ್ಬರಾದ ಮೇಲೊಬ್ಬರು ಬಂದು ಬೇರೆ ಹೇಳಿದರು.

ಸಮಿತಿಯ ವರದಿ ಸದನಕ್ಕೆ ಹೋಯಿತು. ಔರಾದಿನ ಇಬ್ಬರು ಅಧಿಕಾರಿಗಳು ಅಮಾನತಾದರು, ವರ್ಷದೊಳಗೆ ಬೇರೆ ಜಿಲ್ಲೆಗೆ ಹೋಗಿ ಕೆಲಸಕ್ಕೆ ಹತ್ತಿದರು. ಮಂತ್ರಿ ಸದನದಲ್ಲಿ ವಿಷಾದ ವ್ಯಕ್ತಪಡಿಸಿದರು. ಆ ಸಲ ಯಾರೂ ನಗಲಿಲ್ಲ. ಬರಗಾಲದ ಕೆಲಸಗಳಲ್ಲಿ ನೀರಿಗೆ ಬೇರೆ ಹಣ ಇಡಬೇಕು, ಪೀಪಾಯಿ ಎಲ್ಲರಿಗೂ ಒಂದೇ ಆಗಿರಬೇಕು ಎಂದು ಆಜ್ಞೆ ಬಂತು. ಕೆಲವು ಕಡೆ ಅದು ನಡೆಯಿತು, ಕೆಲವು ಕಡೆ ಗೋಡೆಗೆ ಅಂಟಿಸಿದ ಕಾಗದವಾಗಿ ಉಳಿಯಿತು. ಕೋರ್ಟಿನಲ್ಲಿ ಶಿವರಾಜಪ್ಪನಿಗೆ ಎರಡು ವರ್ಷವಾಯಿತು. ಮೇಲಿನ ಕೋರ್ಟಿಗೆ ಹೋಗಿ ಬಿಡಿಸಿಕೊಂಡು ಬಂದ. ಅವನಿಗೆ ಗುತ್ತಿಗೆ ಕೊಡಬಾರದೆಂದು ಆದ ಮೇಲೆ ಅವನ ಅಳಿಯನ ಹೆಸರಿನಲ್ಲಿ ಗುತ್ತಿಗೆ ನಡೆಯಿತು. ನಜಮೋದ್ದೀನ ಮುಂದಿನ ಚುನಾವಣೆಯಲ್ಲಿ ಸೋತ. ಮಡೆಪ್ಪನಿಗೆ ಫಾಸಿಯಾಗಲಿಲ್ಲ. ಗುಲಬರ್ಗಾದ ಜೈಲಿನಲ್ಲಿ ಬಹಳ ವರ್ಷ ಇದ್ದ.

ಸುಂದರಬಾಯಿ ಹೈದರಾಬಾದಿನಿಂದ ಒಮ್ಮೆಯೂ ನೋಡಲು ಬರಲಿಲ್ಲ. ಗಾರೆ ಕೆಲಸದ ಒಬ್ಬ ಗೌಂಡಿಯ ಜೊತೆ ಸಂಸಾರ ಹೂಡಿದ್ದಾಳೆಂದು ಜೈಲಿಗೆ ಬಂದ ಊರಿನವನೊಬ್ಬ ಹೇಳಿದ. ಮೊದಲ ವರ್ಷಗಳಲ್ಲಿ ಮಡೆಪ್ಪ ಜೈಲಿನಲ್ಲೂ ಹೊಡೆದಾಡಿದ. ಮಂತ್ರಿಯ ಮಾತು ಅಲ್ಲಿಗೂ ಬಂದಿತ್ತು. ಕನಸಿನ ಪೈಲ್ವಾನ ಎಂದು ಕರೆದ ಖೈದಿಯೊಬ್ಬನ ಮೂಗನ್ನು ಎಡಗೈಯಿಂದ ಒಡೆದು ತಿಂಗಳುಗಟ್ಟಲೆ ಒಂಟಿ ಕೋಣೆಯಲ್ಲಿದ್ದ. ಮುಂದೆ ಯಾರು ಏನಂದರೂ ಏಳದಾದ. ವಯಸ್ಸಾಯಿತೆಂದು ಕೆಲವರು, ಬಂಗಲೆಯಲ್ಲಿ ಆ ಹೆಂಗಸನ್ನು ನೋಡಿದ ದಿನದಿಂದಲೇ ಒಳಗೇನೋ ಕುಸಿಯುತ್ತಿತ್ತೆಂದು ಕೆಲವರು ಹೇಳುತ್ತಾರೆ.

ಬಿಡುಗಡೆಯಾದ ಮೇಲೆ ಭಾಲ್ಕಿಯ ಗಂಜಿನಲ್ಲಿ, ಕಾಳುಕಡಿಯ ಪೇಟೆಯಲ್ಲಿ, ಚೀಲ ಹೊರುವ ಹಮಾಲರ ಜೊತೆ ಸೇರಿಕೊಂಡ. ಬಲಗೈ ಬೆರಳು ಮಡಚುತ್ತಿರಲಿಲ್ಲ, ಎಡಗೈಯಿಂದ ಕೊಕ್ಕೆ ಹಾಕಿ ಎಳೆದು ಬೆನ್ನಿಗೆ ಹಾಕಿಕೊಳ್ಳುತ್ತಿದ್ದ. ಒಂದು ಉದ್ದಿನ ಸುಗ್ಗಿಯಲ್ಲಿ ಅಂಜನಾಬಾಯಿ ಪಾಲಿಗೆ ಮಾಡಿದ ಹೊಲದ ಉದ್ದು ತಂದಳು. ತಲೆಗೂದಲು ಬೆಳ್ಳಗಾಗಿತ್ತು. ಬಂಡಿ ಕಟ್ಟೆಯ ಹತ್ತಿರ ಬಂದು ನಿಂತಿತು. ಸರದಿ ಮಡೆಪ್ಪನದು. ಅವನು ಕೊಕ್ಕೆ ಹಿಡಿದು ಬಂಡಿಯ ತನಕ ಬಂದ ಮೇಲೆ ಅವಳ ಮುಖ ನೋಡಿದ. ಕಾಳು ಮಾರಿಸಿಕೊಡುವ ಅಡತಿಯವನು ಎತ್ತೋ ಎಂದು ಕೂಗಿದ.

“ಬ್ಯಾಡ್ರಿ. ನಂದು ನಾ ಹೊರ್ತೇನಿ,” ಎಂದಳು ಅಂಜನಾಬಾಯಿ, ಅಡತಿಯವನಿಗೆ.

ಅಕ್ಕಪಕ್ಕದ ಹಮಾಲರು ನಕ್ಕರು. ಈ ವಯಸ್ಸಿನಲ್ಲಿ ಇದೇನು ಹಟ ಎಂದರು. ಅವಳು ಸೆರಗನ್ನು ಸಿಂಬೆ ಸುತ್ತಿ ತಲೆಗಿಟ್ಟು, ಜೊತೆಗೆ ಬಂದವಳಿಂದ ಚೀಲ ಎತ್ತಿಸಿಕೊಂಡು ನಡೆದಳು. ಮಡೆಪ್ಪ ಕೊಕ್ಕೆ ಕೆಳಗೆ ಹಿಡಿದು ದಾರಿ ಬಿಟ್ಟು ನಿಂತ. ಅವಳು ತಕ್ಕಡಿಯ ತನಕ ಹೋಗಿ ಚೀಲ ಇಳಿಸಿ, ಎರಡನೆಯದಕ್ಕೆ ತಿರುಗಿ ಬಂದಳು.